ಕಲಶದ ರೂಪಾಯಿ, ಆನೆ ಕಾಸು, ನಂದಿಯ ಪದಕ

ಚಿಂತಾಮಣಿ ಎಂದರೆ ಈಗ ಹೊರಗಿನವರಿಗೆ ಮೊದಲು ನೆನಪಾಗುವುದು ಟೊಮೆಟೊ ಮಂಡಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಕಟ್ಟಿಕೊಟ್ಟ ಚಿಂತಾಮಣಿ ಬೇರೆಯೇ. ಮರಾಠ ಸರದಾರ ಚಿಂತಾಮಣಿ ರಾವ್ ಹೆಸರು ಹೊತ್ತ ಆ ಪೇಟೆಯಲ್ಲಿ ಅನುಕೂಲಸ್ಥ ಕೋಮಟಿ ವರ್ತಕರಿದ್ದರು. ಲೇವಾದೇವಿ ಅವರ ಕಸುಬು. ಚಿನ್ನ, ಬೆಳ್ಳಿ, ರತ್ನಗಳ ವ್ಯಾಪಾರ ಜೋರಾಗಿತ್ತು. ಅಂಥ ಊರಿಗೆ ನಾಣ್ಯಗಳು ಎಲ್ಲ ದಿಕ್ಕಿನಿಂದಲೂ ಬಂದು ಬೀಳುತ್ತವೆ. ಒಬ್ಬ ಅರಸನ ವರಹ, ಇನ್ನೊಬ್ಬನ ಹಣ, ಕಂಪನಿಯ ರೂಪಾಯಿ, ಯಾವುದೋ ಪಾಳೆಯಗಾರನ ಸೀಮೆಯಿಂದ ಬಂದ ಸವಕಲು ಕಾಸು, ಎಲ್ಲವನ್ನೂ ಒರೆಗೆ ಹಚ್ಚಿ, ತೂಗಿ, ಬಟ್ಟ ಕಟ್ಟಿ ಬೆಲೆ ಹೇಳುವವನು ಚಿನಿವಾರ.

ಚಿನಿವಾರರ ಕಾಲ ಮುಗಿದರೂ ನಾಣ್ಯಗಳು ಊರು ಬಿಟ್ಟು ಹೋಗಲಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳೆಯ ಮನೆಗಳ ದೇವರ ಕೋಣೆಯಲ್ಲಿ, ವರಮಹಾಲಕ್ಷ್ಮಿ ಕಲಶದ ತಳದಲ್ಲಿ, ತಿರುಪತಿಗೆಂದು ಅರಿಸಿನ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪಿನಲ್ಲಿ, ಅಜ್ಜಿಯ ಕಾಸಿನ ಸರದಲ್ಲಿ ಅವು ಉಳಿದುಕೊಂಡಿವೆ. ಹೀಗೆ ಉಳಿದವನ್ನು ಹುಡುಕಿ, ಗುರುತಿಸಿ, ಕೊಂಡು, ಬದಲಾಯಿಸಿಕೊಂಡು, ಫೋಟೊ ತೆಗೆದಿಡುವುದೇ ನಾಣ್ಯ ಸಂಗ್ರಹದ ಹವ್ಯಾಸ. ನಾಣ್ಯದ ಜೊತೆ ಪದಕಗಳೂ ಟೋಕನ್‌ಗಳೂ ಇದೇ ಹವ್ಯಾಸದ ಕವಲುಗಳು. ಈ ನಾಲ್ಕು ಊರುಗಳ ಸುತ್ತ ಇದಕ್ಕೆ ಸಿಗುವಷ್ಟು ಸರಕು ಎಲ್ಲ ಕಡೆ ಸಿಗುವುದಿಲ್ಲ.

ಕಲಶದ ರೂಪಾಯಿಯಿಂದಲೇ ಶುರುಮಾಡಬಹುದು. ರಾಣಿ ಛಾಪಿನ ಆ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ನೂರರಲ್ಲಿ ಸುಮಾರು 92 ಪಾಲು ಬೆಳ್ಳಿ. ತೂಕ ಇಷ್ಟು ಕರಾರುವಾಕ್ಕಾಗಿದ್ದರಿಂದ ಅಂಗಡಿಯ ತಕ್ಕಡಿಯಲ್ಲಿ ರೂಪಾಯಿಯೇ ಬಟ್ಟಾಯಿತು. ಇಪ್ಪತ್ನಾಲ್ಕು ರೂಪಾಯಿ ತೂಕಕ್ಕೆ ಒಂದು ಕಚ್ಚಾ ಸೇರು ಎಂಬ ಲೆಕ್ಕ ಹಳೆಯ ಮೈಸೂರಿನ ಸಂತೆಗಳಲ್ಲಿ ಬಹುಕಾಲ ನಡೆಯಿತು. ಮನೆಯವರಿಗೆ ಇದು ಲಕ್ಷ್ಮಿ. ಸಂಗ್ರಾಹಕರ ಕಣ್ಣು ಹೋಗುವುದು ಇಸವಿಯ ಕಡೆಗೆ. 1876ರವರೆಗಿನ ರೂಪಾಯಿಯಲ್ಲಿ ವಿಕ್ಟೋರಿಯಾ ‘ರಾಣಿ’; 1877ರಿಂದ ಅದೇ ಮುಖದ ಪಕ್ಕದಲ್ಲಿ ‘ಸಾಮ್ರಾಜ್ಞಿ’. 1862 ಎಂದು ಮುದ್ರೆಯಿದ್ದರೆ ಅದು ಅದೇ ವರ್ಷ ಅಚ್ಚಾಯಿತೆಂದು ಹೇಳುವಂತಿಲ್ಲ. ಆ ಇಸವಿಯನ್ನು ಬದಲಿಸದೆ ಹತ್ತಕ್ಕೂ ಹೆಚ್ಚು ವರ್ಷ ರೂಪಾಯಿ ಅಚ್ಚು ಹಾಕಿದ್ದರಿಂದ, ಅದರ ಮೇಲಿನ ಸಣ್ಣ ಚುಕ್ಕಿಗಳನ್ನು ಭೂತಗನ್ನಡಿಯಲ್ಲಿ ಎಣಿಸುವುದೇ ಒಂದು ಕೆಲಸ.

1911ರ ಐದನೇ ಜಾರ್ಜ್ ರೂಪಾಯಿಯ ಕಥೆ ಇನ್ನೂ ಸ್ವಾರಸ್ಯ. ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಮೊಟಕಾಗಿ ಮೂಡಿ, ಜನಕ್ಕೆ ಹಂದಿಯಂತೆ ಕಂಡಿತು. ಗದ್ದಲವೆದ್ದಿತು. ಸರ್ಕಾರ ಹಂಚದೆ ಉಳಿದಿದ್ದ ನಾಣ್ಯಗಳನ್ನು ಕರಗಿಸಿ, ಮರುವರ್ಷ ಸೊಂಡಿಲು ತಿದ್ದಿದ ಹೊಸ ಅಚ್ಚು ತಂದಿತು. ‘ಹಂದಿ ರೂಪಾಯಿ’ ಎಂದೇ ಹೆಸರಾದ ಆ ನಾಣ್ಯಕ್ಕೆ ಈಗಲೂ ಬೇಡಿಕೆಯಿದೆ. 1939ರ ಆರನೇ ಜಾರ್ಜ್ ರೂಪಾಯಿ ಅದಕ್ಕಿಂತ ವಿರಳ. ವಿರಳ ಎಂಬ ಕಾರಣಕ್ಕೇ ಬೇರೆ ಇಸವಿಯ ಕೊನೆಯ ಅಂಕಿಯನ್ನು ಕೆತ್ತಿ 1939 ಮಾಡಿ ಮಾರುವವರೂ ಇದ್ದಾರೆ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ಬೆಳ್ಳಿ ಹೋಗಿ ನಿಕ್ಕಲ್ ಬಂತು. ಕೈಯಲ್ಲಿ ಹಿಡಿದರೆ ಒಂದೇ ಥರ ಕಾಣುವ ಮೂರು ರೂಪಾಯಿಗಳಿಗೆ ಸರಾಫರ ಅಂಗಡಿಯಲ್ಲಿ ಮೂರು ಬೆಲೆ ಬರುವುದು ಹೀಗೆ.

ಶಿಡ್ಲಘಟ್ಟ ರೇಷ್ಮೆಗೂಡಿನ ಊರು. ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆ, ರೇಷ್ಮೆಹುಳು ಸಾಕಣೆಗೆ ಬುನಾದಿ ಹಾಕಿದವನೆಂದು ಟಿಪ್ಪು ಸುಲ್ತಾನನ ಹೆಸರು ಇಲ್ಲಿನವರಿಗೆಲ್ಲ ಗೊತ್ತು. ನಾಣ್ಯ ಸಂಗ್ರಹಕ್ಕೆ ಹೊಸದಾಗಿ ಇಳಿದವರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವ ಹಳೆಯ ತಾಮ್ರವೂ ಅವನದೇ, ಆನೆ ಕಾಸು. ಆನೆಯನ್ನು ತಾಮ್ರದ ಮೇಲೆ ತಂದವನು ಹೈದರ್ ಅಲಿ, ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಮಗ ಅದನ್ನು ಮುಂದುವರಿಸಿ ಒಂದು ದೊಡ್ಡ ಸರಣಿಯನ್ನೇ ಮಾಡಿದ. ಕೆಲವು ಆನೆಗಳು ಎಡಕ್ಕೆ ನಡೆಯುತ್ತವೆ, ಕೆಲವು ಬಲಕ್ಕೆ. ದೊಡ್ಡ ಕಾಸಿನ ಆನೆಯ ಹಿಂದೆ ಬಾವುಟವಿರುತ್ತದೆ. ಪ್ರತಿಯೊಂದು ಮೌಲ್ಯಕ್ಕೂ ಒಂದು ಹೆಸರು: ಒಂದು ಪೈಸೆಗೆ ಜೊಹ್ರಾ, ಅರ್ಧಕ್ಕೆ ಬಹ್ರಾಮ್, ಕಾಲಿಗೆ ಅಖ್ತರ್, ಅದರರ್ಧಕ್ಕೆ ಕುತ್ಬ್. ಶುಕ್ರ, ಮಂಗಳ, ನಕ್ಷತ್ರ, ಧ್ರುವ ಎಂದು ಆಕಾಶದಿಂದಲೇ ಆಯ್ದ ಹೆಸರುಗಳು. ಬೆಳ್ಳಿಗೆ ಬಂದರೆ ಎರಡು ರೂಪಾಯಿ ಹೈದರಿ, ಒಂದು ರೂಪಾಯಿ ಇಮಾಮಿ.

ಇಸವಿ ಓದುವುದು ಸ್ವಲ್ಪ ಕಷ್ಟ. 1787ರ ಸುಮಾರಿಗೆ ಟಿಪ್ಪು ಹಿಜರಿ ಶಕೆ ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆ ಹಿಡಿದ; ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ನಾಣ್ಯದಲ್ಲಿ ಎಡದಿಂದ ಓದಿದಾಗ 5121 ಎಂದು ಕಂಡರೆ ಅದು 1215. ಅದಕ್ಕೆ 572 ಕೂಡಿಸಿದರೆ 1787. ಕೊನೆಯ ನಾಲ್ಕು ವರ್ಷಗಳ ತಾಮ್ರದ ಮೇಲೆ ಅಲಿಫ್, ಬೇ, ತೇ, ಸೇ ಎಂಬ ಒಂದೊಂದು ಅಕ್ಷರವೇ ವರ್ಷದ ಗುರುತು. ಟಂಕಸಾಲೆಗಳ ಹೆಸರನ್ನೂ ಅವನು ಬದಲಿಸಿದ್ದರಿಂದ, ‘ಫೈಜ್ ಹಿಸಾರ್’ ಎಂದರೆ ಗುತ್ತಿ, ‘ಫರ್ರುಖ್‌ಯಾಬ್ ಹಿಸಾರ್’ ಎಂದರೆ ಚಿತ್ರದುರ್ಗ ಎಂಬ ಪಟ್ಟಿ ಸಂಗ್ರಾಹಕರಿಗೆ ಬಾಯಿಪಾಠ. ಈ ವಿಷಯದಲ್ಲಿ ಜೆ.ಆರ್. ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಇಂದಿಗೂ ಜನ ತಿರುವಿ ಹಾಕುತ್ತಾರೆ.

ಟಿಪ್ಪುವಿನ ನಂತರದ ಮೈಸೂರು ಕಾಸುಗಳು ಕನ್ನಡ ಓದುಗರಿಗೆ ಇನ್ನೂ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಮೇಲೆ ಆನೆ ಉಳಿಯಿತು, ಅದರ ಮೇಲೆ ‘ಶ್ರೀ’ ಬಂತು, ಅಕ್ಕಪಕ್ಕ ಸೂರ್ಯ ಚಂದ್ರರು ಕೂತರು. ಮುಂದೆ ಆನೆಯ ಜಾಗಕ್ಕೆ ಸಿಂಹ ಬಂತು. ‘ಮಯಿಲಿ ಕಾಸು ೨೦’ ಎಂದು ಕನ್ನಡದಲ್ಲಿ, ಅದನ್ನೇ ಇಂಗ್ಲಿಷಿನಲ್ಲಿ, ಜೊತೆಗೆ ಪಾರಸಿಯಲ್ಲಿ ದೊರೆಯ ಹೆಸರು, ಮೈಸೂರು ಟಂಕಸಾಲೆಯ ಹೆಸರು. ಅಂಗೈಯಲ್ಲಿ ಹಿಡಿಯುವ ತಾಮ್ರದ ಬಿಲ್ಲೆಯಲ್ಲಿ ಮೂರು ಭಾಷೆ. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂತು. 1843ರಲ್ಲಿ ಬಾಗಿಲು ಹಾಕಿತು. ಮೈಸೂರಿನದೇ ಆದ ನಾಣ್ಯದ ಕಥೆ ಅಲ್ಲಿಗೆ ಮುಗಿಯಿತು.

ಚಿನ್ನದಲ್ಲಿ ಕೈಗೆ ಸಿಗಬಹುದಾದ ಅತಿ ಚಿಕ್ಕದು ಕಂಠೀರಾಯ ಹಣ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಈ ಹಣದ ಒಂದು ಬದಿಯಲ್ಲಿ ನರಸಿಂಹ ಕೂತಿದ್ದಾನೆ. ತೂಕ ಗ್ರಾಮಿನ ಮೂರನೇ ಒಂದು ಪಾಲಿನಷ್ಟು. ಗಾಳಿ ಬೀಸಿದರೆ ಹಾರಿಹೋದೀತೆಂಬ ಭಯ. ಇಂಥ ಹತ್ತು ಹಣಕ್ಕೆ ಒಂದು ಕಂಠೀರಾಯ ವರಹ, ಆದರೆ ಆ ವರಹ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ ಮಾತ್ರ. ಟಿಪ್ಪು ಮಡಿದ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಇದೇ ಹಣವನ್ನು ಮತ್ತೆ ಅಚ್ಚು ಹಾಕಿಸಲಾಯಿತು. ಹಾಗಾಗಿ ನರಸಿಂಹನ ಹಣ ಕಂಡೊಡನೆ ಅದು 17ನೇ ಶತಮಾನದ್ದೆಂದು ಹೇಳಿಬಿಡುವುದು ಅವಸರವಾದೀತು.

ಇದಕ್ಕೂ ಹಿಂದೆ ಹೋದರೆ ದಾರಿ ನಂದಿಗೆ ತಲುಪುತ್ತದೆ. ಬೆಟ್ಟದ ಬುಡದ ಭೋಗನಂದೀಶ್ವರ ದೇವಾಲಯದ ಪ್ರಾಂಗಣದಲ್ಲಿ ಬಾಣ, ನೊಳಂಬ, ಚೋಳ, ಹೊಯ್ಸಳ, ವಿಜಯನಗರದ ಕೈಚಳಕವನ್ನು ಒಂದೇ ಸುತ್ತಿನಲ್ಲಿ ನೋಡಬಹುದು. 11ನೇ ಶತಮಾನದಲ್ಲಿ ಚೋಳರು ಈ ಸೀಮೆಯನ್ನು ಹಿಡಿದಿದ್ದರು. ಒಂದು ಬದಿಗೆ ನಿಂತ ಮನುಷ್ಯ, ಇನ್ನೊಂದು ಬದಿಗೆ ಕೂತ ಮನುಷ್ಯ, ಪಕ್ಕದಲ್ಲಿ ನಾಗರಿ ಲಿಪಿಯ ‘ಶ್ರೀ ರಾಜರಾಜ’ ಇರುವ ತಾಮ್ರದ ಕಾಸು ಅವರ ಮನೆತನದ್ದು. ವಿಜಯನಗರದ ನಾಣ್ಯಗಳಲ್ಲಿ ದೇವರು ಬದಲಾದಂತೆ ಅರಸನೂ ಬದಲಾದನೆಂದು ತಿಳಿಯಬಹುದು: ಆರಂಭದ ಹರಿಹರ, ಬುಕ್ಕರದು ಹನುಮಂತ, ಗರುಡ, ಕೃಷ್ಣದೇವರಾಯನದು ಬಾಲಕೃಷ್ಣ, ಅಚ್ಯುತರಾಯನದು ಗಂಡಭೇರುಂಡ. ಈ ತಾಲ್ಲೂಕುಗಳ ಶಾಸನಗಳು 1905ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟದಲ್ಲಿವೆ. ಅದರಲ್ಲಿ ಬರುವ ಗದ್ಯಾಣ, ಹಣಗಳ ಮಾತು ಓದಿಕೊಂಡವರಿಗೆ ಕೈಯಲ್ಲಿರುವ ನಾಣ್ಯ ಯಾವ ಲೋಕದ್ದೆಂದು ತಿಳಿಯುತ್ತದೆ.

ನಂದಿಗೂ ಪದಕಗಳಿಗೂ ನೇರ ಸಂಬಂಧವಿದೆ. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಅಕ್ಟೋಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯ ಮುತ್ತಿಗೆ ಹಾಕಿ ನಂದಿದುರ್ಗವನ್ನು ಹಿಡಿಯಿತು. ಆ ಯುದ್ಧದಲ್ಲಿ ಹೋರಾಡಿದ ಭಾರತೀಯ ಸಿಪಾಯಿಗಳಿಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಕೊಟ್ಟಿತು. ಒಂದು ಬದಿಯಲ್ಲಿ ಬ್ರಿಟಿಷ್ ಬಾವುಟ ಹಿಡಿದು ನಿಂತ ಸಿಪಾಯಿ, ಹಿಂದೆ ಕೋಟೆ. ಇನ್ನೊಂದು ಬದಿಯಲ್ಲಿ ಹೂಮಾಲೆಯೊಳಗೆ 1791–1792ರ ಮೈಸೂರು ಸೇವೆಯ ಉಲ್ಲೇಖ, ಸುತ್ತ ಪಾರಸಿ ಬರಹ. ಎಂಟು ವರ್ಷಗಳ ನಂತರ ಶ್ರೀರಂಗಪಟ್ಟಣ ಬಿದ್ದಾಗ ಹೊರಟ ಪದಕ ಇನ್ನೂ ಪ್ರಸಿದ್ಧ. ಬ್ರಿಟನ್ನಿನ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿ ನಿಂತ ಆ ಚಿತ್ರವನ್ನು ಕೆತ್ತಿದವನು ಕುಕ್ಲರ್. ಅಚ್ಚು ಹಾಕಿದ್ದು ಇಂಗ್ಲೆಂಡಿನ ಸೋಹೋ ಟಂಕಸಾಲೆಯಲ್ಲಿ, ಮ್ಯಾಥ್ಯೂ ಬೋಲ್ಟನ್. ಹುದ್ದೆಗೆ ತಕ್ಕಂತೆ ಲೋಹ: ಮೇಲಿನವರಿಗೆ ಚಿನ್ನ, ಆಮೇಲೆ ಚಿನ್ನದ ಲೇಪದ ಬೆಳ್ಳಿ, ಬರಿಯ ಬೆಳ್ಳಿ, ಕಂಚು, ಕೊನೆಗೆ ತವರ. ಯುದ್ಧ ಮುಗಿದದ್ದು 1799ರಲ್ಲಾದರೂ ಪದಕ ಹಂಚಿದ್ದು 1808ರ ಹೊತ್ತಿಗೆ.

ನಾಣ್ಯಕ್ಕೂ ಪದಕಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಾಣ್ಯ ಯಾರದೂ ಆಗಿರಬಹುದು, ಪದಕ ಒಬ್ಬರದೇ. ಮೊದಲ ಮಹಾಯುದ್ಧದ ಪದಕಗಳ ದಪ್ಪ ಅಂಚನ್ನು ಓರೆ ಬೆಳಕಿನಲ್ಲಿ ತಿರುಗಿಸಿದರೆ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಎಲ್ಲವೂ ಕಾಣಿಸುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ದಾಳಿ ನಡೆಸಿದ ಮೈಸೂರು ಲ್ಯಾನ್ಸರ್ಸ್ ಅಂಥ ಒಂದು ದಳ. ಅದೇ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಹೋರಾಡಿದವರಿಗೆ ಬೆಳ್ಳಿಯಲ್ಲಿ ಬಂದರೆ, ಹೊರೆ ಹೊತ್ತು ದುಡಿದ ಕೂಲಿ ಪಡೆಯವರಿಗೆ ಕಂಚಿನಲ್ಲಿ ಬಂತು. ಬೆಳ್ಳಿಯದನ್ನು ಅನೇಕರು ಕರಗಿಸಿದ್ದಾರೆ. ತಾತನ ಪೆಟ್ಟಿಗೆಯಲ್ಲಿ ಅಂಥದೊಂದು ಸಿಕ್ಕರೆ ಬೆಳ್ಳಿಯ ತೂಕಕ್ಕೆ ಮಾರುವ ಮುನ್ನ ಅಂಚನ್ನೊಮ್ಮೆ ಓದಬೇಕು.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರ ಜೀವನವನ್ನು ಪದಕಗಳ ಮೂಲಕವೂ ಹೇಳಬಹುದು: 1911ರಲ್ಲಿ ಸಿ.ಐ.ಇ., 1915ರಲ್ಲಿ ಹೆಸರಿಗೆ ‘ಸರ್’ ತಂದುಕೊಟ್ಟ ಕೆ.ಸಿ.ಐ.ಇ., 1955ರಲ್ಲಿ ಭಾರತರತ್ನ. ಮೊದಲೆರಡು ವಿಕ್ಟೋರಿಯಾಳ ತಲೆ ಹೊತ್ತ ಸಾಮ್ರಾಜ್ಯದ ಬಿರುದುಗಳು, ಕೊನೆಯದು ಸ್ವತಂತ್ರ ದೇಶದ್ದು. ಭಾರತರತ್ನದ ಪದಕವನ್ನು ಮೊದಲು ದುಂಡಗೆ, ಚಿನ್ನದಲ್ಲಿ ಮಾಡಬೇಕೆಂದಿತ್ತು. ಆ ಯೋಚನೆ ಬಿಟ್ಟು ಅರಳಿ ಎಲೆಯ ಆಕಾರವನ್ನು ಆಯ್ದುಕೊಂಡರು. ಸುಮಾರು 5.8 ಸೆಂ.ಮೀ. ಉದ್ದದ ಕಂಚಿನ ಎಲೆ, ಅದರ ಮೇಲೆ ಸೂರ್ಯ, ಕೆಳಗೆ ದೇವನಾಗರಿಯಲ್ಲಿ ಹೆಸರು. ಸೂರ್ಯ ಮತ್ತು ಅಂಚು ಪ್ಲಾಟಿನಂ. ತಯಾರಾಗುವುದು ಕೋಲ್ಕತ್ತದ ಆಲಿಪುರ ಟಂಕಸಾಲೆಯಲ್ಲಿ. 1960ರಲ್ಲಿ ಅವರು ಬದುಕಿದ್ದಾಗಲೇ ಅವರ ಚಿತ್ರದ 15 ಪೈಸೆಯ ಅಂಚೆಚೀಟಿ ಹೊರಟದ್ದರಿಂದ ಅಂಚೆಚೀಟಿ ಸಂಗ್ರಾಹಕರೂ ಮುದ್ದೇನಹಳ್ಳಿಯ ಹೆಸರು ಮರೆಯುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಆ ಪೀಳಿಗೆಯ ಹೋರಾಟಗಾರರಿಗೆ ಸಂದ ಗೌರವದ ಗುರುತು ಪದಕವಾಗಿರಲಿಲ್ಲ, ತಾಮ್ರಪತ್ರವಾಗಿತ್ತು. ಸ್ವಾತಂತ್ರ್ಯದ 25ನೇ ವರ್ಷ, 1972ರಲ್ಲಿ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರಿಗೆ ಹೆಸರು ಕೊರೆದ ತಾಮ್ರಪತ್ರಗಳನ್ನು ಕೊಟ್ಟಿತು. ಸಂಗ್ರಾಹಕರ ವಲಯದಲ್ಲಿ ಇವುಗಳ ಕೊಡುಕೊಳ್ಳುವಿಕೆ ಸೂಕ್ಷ್ಮ ವಿಷಯ. ಮನೆಯವರು ಕೊಡಲೊಪ್ಪದಿದ್ದರೆ ಫೋಟೊ ತೆಗೆದು, ವಿವರ ಬರೆದುಕೊಂಡು, ವಸ್ತುವನ್ನು ಅಲ್ಲೇ ಬಿಟ್ಟು ಬರುವುದೇ ಒಳ್ಳೆಯ ರೂಢಿ.

ಇನ್ನು ಟೋಕನ್. ನಾಣ್ಯಕ್ಕೆ ಸರ್ಕಾರದ ಮುದ್ರೆ ಬೇಕು, ಟೋಕನ್ನಿಗೆ ಒಂದು ಊರಿನ, ಒಂದು ಸಂಸ್ಥೆಯ ಒಪ್ಪಿಗೆ ಸಾಕು. ರೈಲ್ವೆ ಹಮಾಲಿಯ ತೋಳಿನ ಹಿತ್ತಾಳೆ ಬಿಲ್ಲೆ, ಕಚೇರಿ ಜವಾನನ ಪಟ್ಟಿಯ ಬಿಲ್ಲೆ, ಗಿರಣಿಯ ಹಾಜರಿ ಬಿಲ್ಲೆ, ಹೋಟೆಲಿನ ಕಾಫಿ ಟೋಕನ್, ದೇವಸ್ಥಾನದಲ್ಲಿ ಚಪ್ಪಲಿಗೆ ಕೊಡುವ ಸಂಖ್ಯೆ, ಎಲ್ಲವೂ ಇದೇ ಕುಲದವು. ಏಕಪಥದ ರೈಲುಮಾರ್ಗಗಳಲ್ಲಿ ಸ್ಟೇಷನ್ ಮಾಸ್ಟರ್ ಚಾಲಕನಿಗೆ ಕೊಡುತ್ತಿದ್ದ ನೀಲ್ಸ್ ಬಾಲ್ ಟೋಕನ್ ಉಕ್ಕಿನ ಗೋಲ. ಅದು ಕೈಗೆ ಬಾರದೆ ಗಾಡಿ ಮುಂದಿನ ನಿಲ್ದಾಣಕ್ಕೆ ಹೊರಡುವಂತಿರಲಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಕೋಲಾರಕ್ಕೆ ಜೋಡಿಸಿದ್ದ ಹಳೆಯ ಪುಟ್ಟ ರೈಲನ್ನು ಕಂಡವರಿಗೆ ಹಳೆಯ ರೈಲ್ವೆ ಬಿಲ್ಲೆಗಳ ಮೇಲೆ ಆಸೆ ಸಹಜ. ಆದರೆ ರೈಲ್ವೆಯ ಸಾಮಾನು ರೈಲ್ವೆಗೇ ಸೇರಿದ್ದು. ಬೆಂಗಳೂರಿನ ನಮ್ಮ ಮೆಟ್ರೊ 2011ರ ಅಕ್ಟೋಬರಿನಲ್ಲಿ ಓಡತೊಡಗಿದಾಗ ಬಂದ ಪ್ಲಾಸ್ಟಿಕ್ ಟೋಕನ್ ಕೂಡ ಜೇಬಿಗಿಳಿಸುವ ವಸ್ತುವಲ್ಲ. ಹೊರಹೋಗುವ ಗೇಟಿಗೆ ಹಾಕಲೇಬೇಕು. ಫೋಟೊ ತೆಗೆಯುವುದಕ್ಕೆ ಅಡ್ಡಿಯಿಲ್ಲ.

ಈ ಹವ್ಯಾಸದಲ್ಲಿ ಕ್ಯಾಮೆರಾಕ್ಕೆ ಇಷ್ಟು ಮಹತ್ವ ಬಂದದ್ದು ಇದೇ ಕಾರಣಕ್ಕೆ. ಎಲ್ಲವನ್ನೂ ಕೊಳ್ಳಲಾಗುವುದಿಲ್ಲ, ಕೊಂಡದ್ದೂ ಕೈಬದಲಾಗುತ್ತದೆ. ಅದು ಎಲ್ಲಿ ಸಿಕ್ಕಿತು, ಹೇಗಿತ್ತು ಎಂಬ ದಾಖಲೆ ಉಳಿದರೆ ಮುಂದಿನವರಿಗೆ ಪ್ರಯೋಜನ. ಒಂದು ಚೋಳರ ಕಾಸು ಬೆಂಗಳೂರಿನ ಅಂಗಡಿಯಲ್ಲಿ ಬರಿಯ ಕಾಸು. ಅದು ಚಿಂತಾಮಣಿ ತಾಲ್ಲೂಕಿನ ಯಾವ ಹಳ್ಳಿಯ ಯಾವ ಮನೆಯಲ್ಲಿ ಇತ್ತು ಎಂಬುದು ಗೊತ್ತಿದ್ದರೆ ಆ ಹಳ್ಳಿಯ ಚರಿತ್ರೆಗೆ ಅದೊಂದು ಸಾಕ್ಷಿ.

ಒಳ್ಳೆಯ ಫೋಟೊಗೆ ದುಬಾರಿ ಸಲಕರಣೆ ಬೇಕಿಲ್ಲ. ಮೊಬೈಲಿನ ಫ್ಲಾಶ್ ಮಾತ್ರ ಬೇಡ. ಬೆಳ್ಳಿಯ ಮೇಲೆ ಅದು ಬಿಳಿ ಮಚ್ಚೆಯಾಗಿ ಬಿದ್ದು ಅಕ್ಷರವನ್ನು ನುಂಗುತ್ತದೆ. ಉತ್ತರದ ಕಿಟಕಿಯ ಬಳಿ, ಬೂದು ಬಣ್ಣದ ಕಾಗದದ ಮೇಲೆ ನಾಣ್ಯವಿಟ್ಟು, ಮೊಬೈಲನ್ನು ಕೈಯಲ್ಲಿ ಹಿಡಿಯದೆ ಎರಡು ಪುಸ್ತಕದ ರಾಶಿಗಳ ನಡುವೆ ಕೂರಿಸಬೇಕು. ತೀರಾ ಹತ್ತಿರ ಒಯ್ದರೆ ಮೊಬೈಲಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ. ಸ್ವಲ್ಪ ಎತ್ತರದಲ್ಲಿಟ್ಟು ಎರಡರಷ್ಟು ಜೂಮ್ ಮಾಡುವುದು ಮೇಲು. ಸೆಲ್ಫ್ ಟೈಮರ್ ಹಾಕಿದರೆ ಬೆರಳಿನ ಅಲುಗಾಟ ತಪ್ಪುತ್ತದೆ.

ಬೆಳಕಿನ ಕೋನವೇ ಇಲ್ಲಿನ ಕಸುಬು. ಸವೆದ ಟಿಪ್ಪು ಕಾಸಿನ ಪಾರಸಿ ಅಕ್ಷರ ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ. ಒಂದು ಪುಟ್ಟ ಎಲ್‌ಇಡಿ ದೀಪವನ್ನು ನಾಣ್ಯದ ಮಟ್ಟಕ್ಕೇ ಇಳಿಸಿ, ಪಕ್ಕದಿಂದ ಸವರುವಂತೆ ಬೆಳಗಿಸಿದರೆ ಉಳಿದಿರುವ ಉಬ್ಬುಗಳೆಲ್ಲ ನೆರಳು ಚೆಲ್ಲಿ ಎದ್ದು ಬರುತ್ತವೆ. ದೀಪವನ್ನು ಸುತ್ತ ತಿರುಗಿಸುತ್ತಾ ನಾಲ್ಕು ಕಡೆಯಿಂದ ನಾಲ್ಕು ಫೋಟೊ ತೆಗೆದರೆ, ಒಂದರಲ್ಲಿ ಕಾಣದ ಅಂಕಿ ಇನ್ನೊಂದರಲ್ಲಿ ಕಾಣುತ್ತದೆ. ಹೊಳೆಯುವ ಬೆಳ್ಳಿಗೆ, ಪದಕಕ್ಕೆ ಇದು ಒಗ್ಗದು. ಅದಕ್ಕೆ ದೀಪದ ಮುಂದೆ ಬೆಣ್ಣೆಕಾಗದ ಕಟ್ಟಿ ಬೆಳಕನ್ನು ಮೆತ್ತಗೆ ಮಾಡಬೇಕು. ಕಂಠೀರಾಯ ಹಣದಂಥ ಸಣ್ಣದಕ್ಕೆ ಮ್ಯಾಕ್ರೊ ಲೆನ್ಸ್ ಇಲ್ಲದೆ ಆಗದು. ಎರಡೂ ಬದಿ, ಸಾಧ್ಯವಾದರೆ ಅಂಚು, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇಷ್ಟಿದ್ದರೆ ಚಿತ್ರ ಪೂರ್ತಿ. 0.01 ಗ್ರಾಂವರೆಗೆ ತೂಗುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕ, ವ್ಯಾಸ, ಸಿಕ್ಕಿದ ಊರು, ದಿನಾಂಕಗಳನ್ನು ಚೀಟಿಯಲ್ಲಿ ಬರೆದು ನಾಣ್ಯದ ಜೊತೆಗೇ ಇಡುತ್ತಾರೆ.

ಫೋಟೊಗೆಂದು ನಾಣ್ಯವನ್ನು ಉಜ್ಜುವುದು ಹೊಸಬರು ಮಾಡುವ ದೊಡ್ಡ ತಪ್ಪು. ಪೂಜೆಯ ತಾಮ್ರದ ಪಾತ್ರೆ ಹೊಳೆಯಲು ಹುಣಸೆಹುಳಿ ಚೆಂದ. ನಾಣ್ಯಕ್ಕೆ ಅದೇ ಮಾಡಿದರೆ ನೂರಾರು ವರ್ಷದಲ್ಲಿ ಕೂತ ಕಂದು ಹೊದಿಕೆ ಹೋಗಿ ಲೋಹದ ಮೇಲ್ಮೈ ಕಿತ್ತುಬರುತ್ತದೆ, ಬೆಲೆಯೂ ಹೋಗುತ್ತದೆ. ಕಾಸಿನ ಸರದಿಂದ ಬಿಚ್ಚಿದ ಸವರನ್ನಿಗೂ ವೆನಿಸ್‌ನಿಂದ ಬಂದ ಪುತಳಿಗೂ ಕೊಂಡಿ ಬೆಸೆದ ಗುರುತು ಇದ್ದರೆ ಸಂಗ್ರಾಹಕರ ಬೆಲೆ ಇಳಿದು ಚಿನ್ನದ ಬೆಲೆಯಷ್ಟೇ ಉಳಿಯುವುದು ಇದೇ ನ್ಯಾಯದಿಂದ. ಇಡುವಾಗಲೂ ಎಚ್ಚರ ಬೇಕು. ಅಗ್ಗದ ಪಿವಿಸಿ ಆಲ್ಬಮ್‌ಗಳು ಕಾಲಕ್ರಮದಲ್ಲಿ ಹಸಿರು ಜಿಡ್ಡು ಬಿಡುತ್ತವೆ. ಪಿಇಟಿ ಹಾಳೆಯ ಹೋಲ್ಡರ್, ಆಮ್ಲರಹಿತ ಕಾಗದದ ಲಕೋಟೆ ವಾಸಿ. ತಾಮ್ರದ ಮೇಲೆ ತಿಳಿಹಸಿರು ಪುಡಿ ಏಳತೊಡಗಿದರೆ ಅದು ಕಂಚಿನ ರೋಗ. ಆ ನಾಣ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ ಒಣಗಿದ ಜಾಗದಲ್ಲಿಡಬೇಕು.

ವ್ಯಾಪಾರಕ್ಕೆ ಬಂದರೆ ಹಳತಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆಯೇ ಮೊದಲ ಮೋಸ. ಟಿಪ್ಪುವಿನ ಸಾಮಾನ್ಯ ಪೈಸೆಗಿಂತ 1939ರ ರೂಪಾಯಿ ಬಹಳ ದುಬಾರಿ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಕೇಳುವವರು ಎಷ್ಟು ಎಂಬ ಮೂರರ ಮೇಲೆ ಬೆಲೆ ನಿಲ್ಲುತ್ತದೆ. ವೈಷ್ಣೋದೇವಿಯ ಐದು ರೂಪಾಯಿಗೆ, 786 ಸಂಖ್ಯೆಯ ನೋಟಿಗೆ, ಟ್ರ್ಯಾಕ್ಟರ್ ಚಿತ್ರದ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಜಾಹೀರಾತುಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ನೋಂದಣಿ ಶುಲ್ಕ, ತೆರಿಗೆ ಎಂದು ಮಾರುವವನಿಂದಲೇ ಹಣ ಕೀಳುವುದು ಇವರ ವಿದ್ಯೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಹೀಗೆ ದುರುಪಯೋಗ ಮಾಡತೊಡಗಿದಾಗ, ಇಂಥ ವ್ಯವಹಾರಕ್ಕೆ ತಾನು ಯಾರಿಗೂ ಅಧಿಕಾರ ಕೊಟ್ಟಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತು.

ಇನ್ನೊಂದು ಹಳೆಯ ಬಲೆ ‘ರಾಮದರ್ಬಾರ್’ ನಾಣ್ಯ. ಒಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1616, 1717 ಅಥವಾ 1818. ಇಂಥ ನಾಣ್ಯವನ್ನು ಕಂಪನಿ ಎಂದೂ ಹೊರಡಿಸಿಲ್ಲ. ಮದರಾಸಿನಲ್ಲಿ ಅದು ದೇವರ ಚಿತ್ರವಿರುವ ಚಿನ್ನದ ಮೂರು ಸ್ವಾಮಿ ವರಹವನ್ನು ಅಚ್ಚು ಹಾಕಿದ್ದು ನಿಜ, ಈ ಹಿತ್ತಾಳೆ ಬಿಲ್ಲೆಗಳಿಗೂ ಅದಕ್ಕೂ ಸಂಬಂಧವಿಲ್ಲ. ಅವು ನಂಬಿಕೆಗೆಂದು ಮಾರಾಟವಾದ ಟೋಕನ್‌ಗಳು. ಟೋಕನ್ ಎಂದೇ ನೂರಿನ್ನೂರಕ್ಕೆ ಕೊಂಡರೆ ತಪ್ಪಿಲ್ಲ. ಅಕ್ಕಿಕಾಳನ್ನು ಸೆಳೆಯುತ್ತದೆಂದು ತೋರಿಸಿ ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಇದೇ ಬಿಲ್ಲೆಗೆ ಕೋಟಿ ಹೇಳಿದರೆ ಅದು ಪೊಲೀಸರಿಗೆ ತಿಳಿಸಬೇಕಾದ ವಂಚನೆ.

ಕಾನೂನನ್ನೂ ತಿಳಿದಿರಬೇಕು. ಹೊಲ ಉಳುವಾಗ, ಪಾಯ ತೋಡುವಾಗ ಗಡಿಗೆಯಲ್ಲಿ ನಾಣ್ಯ ಸಿಕ್ಕರೆ ಅದು ನಿಧಿ. ಜಿಲ್ಲಾಡಳಿತಕ್ಕೆ ತಿಳಿಸದೆ ಇಟ್ಟುಕೊಳ್ಳುವುದು ಅಪರಾಧ. ಅಂಥ ರಾಶಿಗಳು ಹೇಳುವ ಚರಿತ್ರೆ ಸಣ್ಣದಲ್ಲ. 1891ರಲ್ಲಿ ಯಶವಂತಪುರದ ಬಳಿ ರೈಲ್ವೆ ಕೆಲಸದಲ್ಲಿ ಸಿಕ್ಕ 163 ರೋಮನ್ ಬೆಳ್ಳಿ ನಾಣ್ಯಗಳು ಒಂದೇ ಕಡೆ ದಾಖಲಾಗಿದ್ದರಿಂದಲೇ, ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನ ಹಣ ಈ ಬಯಲಿನವರೆಗೆ ಬಂದಿತ್ತೆಂದು ಗೊತ್ತಾಯಿತು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ: ಅದರ ವ್ಯಾಪಾರವನ್ನೇ ಕಸುಬು ಮಾಡಿಕೊಂಡವರಿಗೆ ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಚಲಾವಣೆಯ ನಾಣ್ಯವನ್ನು ಕರಗಿಸುವುದನ್ನು 2011ರ ನಾಣ್ಯ ಕಾಯ್ದೆ ತಡೆಯುತ್ತದೆ.

ನೋಡಿ ಕಲಿಯಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ. ಅದರ ಮೈಸೂರು ನಾಣ್ಯಗಳ ಪಟ್ಟಿಯನ್ನು ಕ್ಯಾಪ್ಟನ್ ಟಫ್ನೆಲ್ 1889ರಲ್ಲೇ ಸಿದ್ಧಪಡಿಸಿದ್ದರು. ನೋಟುಗಳ ಬಗ್ಗೆ ಒಲವಿದ್ದವರಿಗೆ ಬೆಂಗಳೂರಿನಲ್ಲೇ 2020ರಲ್ಲಿ ತೆರೆದ ರೆಜ್ವಾನ್ ರಜಾಕ್ ಕಾಗದದ ಹಣದ ವಸ್ತುಸಂಗ್ರಹಾಲಯವಿದೆ. ಕರಾವಳಿಗೆ ಹೋದಾಗ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ ನೋಡಬಹುದು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು ಅಲ್ಲೇ. ಓದಲು ಎ.ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಕುರಿತ ಪುಸ್ತಕವಿದೆ. ಬೆಂಗಳೂರಿನಲ್ಲಿ ನಡೆಯುವ ‘ನಾಣ್ಯದರ್ಶಿನಿ’ಯಂಥ ಪ್ರದರ್ಶನಗಳಲ್ಲಿ ಕೊಳ್ಳದೆ ಬರಿಗಣ್ಣಲ್ಲಿ ಅಸಲಿ, ನಕಲಿ ಅಕ್ಕಪಕ್ಕ ನೋಡುವ ಅವಕಾಶವೇ ದೊಡ್ಡ ಲಾಭ. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಕೂಡುಗೆರೆ ಇರುತ್ತದೆ, ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿಗಳಿರುತ್ತವೆ, ತೂಕ ತಪ್ಪಿರುತ್ತದೆ.

ಕೈಯಲ್ಲಿ ಕಾಸಿಲ್ಲದ ಶಾಲಾ ಹುಡುಗರಿಗೂ ಈ ಹವ್ಯಾಸಕ್ಕೆ ಬಾಗಿಲಿದೆ. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರದ ಆಕಾರವಿದ್ದರೆ ಅದು ಮುಂಬೈ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕಿಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲವೆಂದು ಅಂಗಡಿಯವರು ಜಗಳವಾಡುತ್ತಿದ್ದಾಗ, ಅದರ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿತು. ಆ ಹದಿನಾಲ್ಕನ್ನೂ ಕೂಡಿಹಾಕುವುದೇ ಒಳ್ಳೆಯ ಆರಂಭ. ಬಸವಣ್ಣನವರ ಚಿತ್ರದ 2006ರ ಐದು ರೂಪಾಯಿ ಇನ್ನೂ ಚಿಲ್ಲರೆಯಲ್ಲಿ ಸಿಗುವುದುಂಟು. ಗೌರಿಬಿದನೂರಿನ ಬಸ್ಸಿನಲ್ಲಿ ಕಂಡಕ್ಟರ್ ಕೊಡುವ ಚಿಲ್ಲರೆಯನ್ನು ಜೇಬಿಗೆ ಹಾಕುವ ಮುನ್ನ ಇಸವಿಯ ಕೆಳಗೊಮ್ಮೆ ನೋಡಿದರೆ ಸಾಕು, ಕೆಲವೇ ವಾರಗಳಲ್ಲಿ ನಾಲ್ಕೂ ಟಂಕಸಾಲೆಗಳ ನಾಣ್ಯ ಒಂದೇ ಡಬ್ಬಿಗೆ ಬಂದು ಸೇರುತ್ತವೆ.